ಚೈನ್‌ಸಾ ಚಾಲೂ ಆಗ್ತಿಲ್ವಾ? ಮೊದಲು ಪೆಟ್ರೋಲ್ ನೋಡಿ

ಮಳೆಗಾಲದ ಗಾಳಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬದುವಿನ ಮರ ಉರುಳಿದಾಗಲೇ ಮೂಲೆಯಲ್ಲಿದ್ದ ಚೈನ್‌ಸಾ ಹೊರಬರುವುದು. ಹಗ್ಗ ಎಷ್ಟು ಎಳೆದರೂ ಚಾಲೂ ಆಗುವುದಿಲ್ಲ. 'ಪ್ಲಗ್ ಹೋಗಿದೆ' ಎಂದು ಹೊಸದು ತರುತ್ತೇವೆ. ಎಷ್ಟೋ ಸಲ ಕೆಟ್ಟಿರುವುದು ಪ್ಲಗ್ ಅಲ್ಲ, ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲ್.

ಈಗ ಬಂಕಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. (ನಾವು ಬೆಳೆಯುವ ಕಬ್ಬಿನಿಂದಲೂ ಅದನ್ನು ತಯಾರಿಸುತ್ತಾರೆ.) ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ನೀರು, ಎಥೆನಾಲ್ ಎರಡೂ ಸೇರಿ ತಳಕ್ಕಿಳಿಯುತ್ತವೆ. ನಾವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಎಂಜಿನ್ ಹೀರುವುದು ತಳದಿಂದ. ಟೂ-ಸ್ಟ್ರೋಕ್ ಎಂಜಿನ್‌ಗೆ ಬೇರೆ ಎಣ್ಣೆಯೇ ಇಲ್ಲ. ಹಾಗಾಗಿ ಹೇಗೋ ಚಾಲೂ ಆದರೂ ಪಿಸ್ಟನ್ ಜಾಮ್ ಆಗಬಹುದು. ಆಗಿನ ರಿಪೇರಿ ಖರ್ಚು ಸಣ್ಣದಲ್ಲ.

ಹಳೆಯದನ್ನು ಪೂರ್ತಿ ತೆಗೆದು, ಕಂಪನಿ ಪುಸ್ತಕ ಹೇಳಿದಷ್ಟೇ ಎಣ್ಣೆ (50:1 ಅಂದರೆ ಲೀಟರಿಗೆ 20 ಮಿ.ಲೀ.) ಬೆರೆಸಿದ ಹೊಸ ಪೆಟ್ರೋಲ್ ಹಾಕಿ. ಪ್ಲಗ್ ಒದ್ದೆಯಾಗಿದ್ದರೆ ಚೋಕ್ ಹಾಕಿ ಬಹಳ ಎಳೆದಿದ್ದೀರಿ ಎಂದರ್ಥ: ಬಿಚ್ಚಿ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು, ಚೋಕ್ ಇಲ್ಲದೆ ಎಳೆಯಿರಿ. ಪ್ಲಗ್ ತೂತಿಗೆ ಪೆಟ್ರೋಲ್ ಸುರಿದು ಪಕ್ಕದಲ್ಲೇ ಕಿಡಿ ನೋಡುವ ವಿಡಿಯೊ ಬಂದರೆ ಫಾರ್ವರ್ಡ್ ಮಾಡಬೇಡಿ, ಅದು ಹೊತ್ತಿಕೊಳ್ಳುತ್ತದೆ.