ತೊಳೆದಷ್ಟೂ ನಾರುವ ಚೀಸು

ದುರ್ವಾಸನೆಯು ಅಶೌಚದ ಲಕ್ಷಣವೆಂದೂ, ತೊಳೆದರೆ ಅದು ಹೋಗುವುದೆಂದೂ ನಂಬಿ ಬೆಳೆದ ನಮ್ಮಂಥವರಿಗೆ, ತೊಳೆದಷ್ಟೂ ಹೆಚ್ಚು ನಾರುವ ಆಹಾರವೊಂದು ಪ್ರಪಂಚದಲ್ಲಿದೆಯೆಂದರೆ ವಿಚಿತ್ರವಾಗಿ ತೋರುವುದು ಸಹಜವೇ. ಫ್ರಾನ್ಸಿನ ಮುನ್‌ಸ್ಟರ್, ಮಾರ್ವಾಲ್, ಎಪ್ವಾಸ್, ಇಟಲಿಯ ತಾಲೆಜ್ಜೊ, ಹಿಂದಿನ ಲಿಂಬರ್ಗ್ ಸಂಸ್ಥಾನದ ಹೆಸರು ಹೊತ್ತ ಲಿಂಬರ್ಗರ್ ಮೊದಲಾದ ಚೀಸುಗಳು ಆ ಜಾತಿಯವು.

ಇವುಗಳಲ್ಲಿ ಹಲವುಗಳ ಮೂಲವನ್ನು ಅರಸಿದರೆ ನಾವು ತಲಪುವುದು ಕ್ರೈಸ್ತ ಸನ್ಯಾಸಿಗಳ ಮಠಗಳಿಗೆ. ಆರನೆಯ ಶತಮಾನದ ಸಂತ ಬೆನೆಡಿಕ್ಟನು ವಿಧಿಸಿದ ನಿಯಮಾವಳಿಯಲ್ಲಿ, ರೋಗಿಗಳ ಹೊರತು ಮಿಕ್ಕವರು ಚತುಷ್ಪಾದಿಗಳ ಮಾಂಸವನ್ನು ವರ್ಜಿಸತಕ್ಕದ್ದೆಂದು ಇದ್ದುದರಿಂದ, ಮಠದ ಹಸುಗಳ ಹಾಲೇ ಅವರಿಗೆ ದೊಡ್ಡ ಆಧಾರವಾಯಿತು. ಆ ಹಾಲನ್ನು ಕೆಡದಂತೆ ಉಳಿಸಿಕೊಳ್ಳುವ ಅಗತ್ಯವೂ, ನೆಲಮಾಳಿಗೆಯ ಶೈತ್ಯವೂ, ದಿನಚರಿಯ ನಿಷ್ಠೆಯೂ ಕೂಡಿದಲ್ಲಿ ಈ ವಿದ್ಯೆ ನೆಲೆಗೊಂಡಿತು. ಮಾರ್ವಾಲಿನದು ಸಾವಿರ ವರ್ಷಗಳ ಪರಂಪರೆಯೆಂಬ ಪ್ರತೀತಿಯಿದೆ. ಬರ್ಗಂಡಿಯ ಎಪ್ವಾಸ್ ಸಿಸ್ಟರ್ಸಿಯನ್ ಸನ್ಯಾಸಿಗಳದು. ಮೊದಲು ಉಪ್ಪುನೀರಿನಿಂದಲೂ ಬರಬರುತ್ತ ದ್ರಾಕ್ಷಿಯ ಸಾರಾಯಿಯಿಂದಲೂ ತೊಳೆಯುವ ಆ ಚೀಸು ಎರಡನೆಯ ಮಹಾಯುದ್ಧದ ತರುವಾಯ ಹೆಚ್ಚುಕಡಿಮೆ ಅಳಿದೇಹೋಗಿ, 1956ರಲ್ಲಿ ಬೆರ್ತೋ ದಂಪತಿಗಳ ಪ್ರಯತ್ನದಿಂದ ಮರುಜೀವ ಪಡೆಯಿತು. (ನಮ್ಮ ಬೆಂಗಳೂರಿನಲ್ಲಿಯೂ ಬೆನೆಡಿಕ್ಟನ ಸಂಪ್ರದಾಯದ ವಲ್ಲೊಂಬ್ರೋಸ ಮಠದವರು ಚೀಸು ಮಾಡುವುದುಂಟು, ಆದರೆ ಅವರ ಮೊಝರೆಲ್ಲಾ ಯಾರ ಮೂಗನ್ನೂ ನೋಯಿಸದ ಸಾಧು ಪದಾರ್ಥ.)

ತೊಳೆಯುವುದರಿಂದ ವಾಸನೆ ಹುಟ್ಟುವ ಬಗೆ ಹೀಗೆ. ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಚೀಸಿನ ಹೊರಸಿಪ್ಪೆಯನ್ನು ಕೆಲವು ದಿನಗಳಿಗೊಮ್ಮೆ ಒರೆಸುತ್ತ ಬಂದರೆ ಬೂಷ್ಟು ಬೆಳೆಯಲಾರದು. ಯೀಸ್ಟುಗಳು ಹುಳಿಯನ್ನು ತಗ್ಗಿಸಿದ ಮೇಲೆ, ಉಪ್ಪಿಗೆ ಅಂಜದ ಬ್ರೆವಿಬ್ಯಾಕ್ಟೀರಿಯಂ ಮುಂತಾದ ಅಣುಜೀವಿಗಳು ಅಲ್ಲಿ ನೆಲೆಸಿ, ಸಿಪ್ಪೆಗೆ ಕಾವಿಯ ಬಣ್ಣವನ್ನು ಕೊಟ್ಟು, ಸಸಾರಜನಕವನ್ನು ಒಡೆದು ಗಂಧಕಯುಕ್ತ ವಾಯುಗಳನ್ನು ಬಿಡುತ್ತವೆ. ಒಳಗಿನ ತಿರುಳು ಮಾತ್ರ ಬೆಣ್ಣೆಯಂತೆ ಮೃದು, ರುಚಿಯಲ್ಲಿ ವಾಸನೆಗಿಂತ ಎಷ್ಟೋ ಸೌಮ್ಯ. ಇದೇ ಕುಲದ ಅಣುಜೀವಿಗಳು ಮನುಷ್ಯನ ಕಾಲ್ಬೆರಳುಗಳ ಸಂದಿನಲ್ಲಿಯೂ ವಾಸಿಸುತ್ತವೆ. ಆದುದರಿಂದಲೇ ಆಫ್ರಿಕದ ಮಲೇರಿಯಾ ಸೊಳ್ಳೆಯು ಮನುಷ್ಯಪಾದಕ್ಕೂ ಲಿಂಬರ್ಗರ್ ಚೀಸಿಗೂ ಸಮಾನವಾಗಿ ಮರುಳಾಗುವುದೆಂದು ತೋರಿಸಿದ ವಿಜ್ಞಾನಿಗಳಿಗೆ 2006ರಲ್ಲಿ ಇಗ್ನೊಬೆಲ್ ಎಂಬ ವಿನೋದ ಪಾರಿತೋಷಕ ದೊರಕಿತು. ಸೊಳ್ಳೆಗೆ ಪಂಕ್ತಿಭೇದವಿಲ್ಲ.

ಪಂಕ್ತಿಭೇದವಿರುವುದು ನಮ್ಮಲ್ಲಿ. ಪೇಜಾವರ ಮಠವೂ ಬಿಲ್ಲವ ಭವನವೂ ಇರುವ, ಕಲೀನಾದ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೂ ನಡೆಯುತ್ತಿರುವ ಮುಂಬಯಿಯ ಈ ಸಾಂತಾಕ್ರೂಜಿನಲ್ಲಿ, ತುಳುನಾಡಿನಿಂದ ಬಂದವರ ಅಡುಗೆಮನೆಗಳಲ್ಲಿ ಮಳೆಗಾಲಕ್ಕೆಂದು ಹಲಸಿನ ಉಪ್ಪುಸೊಳೆಯ ಭರಣಿಯೂ, ದಿನದಿನವೂ ನೀರು ಬದಲಿಸಿ ನೆನೆಸಿಟ್ಟ ಎಳೆಬಿದಿರಿನ ಕಣಿಲೆಯೂ, ಕೆಲವರಲ್ಲಿ ಒಣಮೀನೂ ಇರುವುದುಂಟು. ಪಡುವಣಕ್ಕೆ, ಜುಹೂ ವರ್ಸೋವಾಗಳ ಕೋಳಿವಾಡೆಗಳೆಂಬ ಬೆಸ್ತರ ಕೇರಿಗಳಲ್ಲಿ, ಬಹುಪಾಲು ನೀರೇ ಆಗಿರುವ ಬೊಂಬಿಲ್ ಮೀನನ್ನು ಬಾಯಿಗೆ ಬಾಯಿ ಸಿಕ್ಕಿಸಿ ಜೋಡಿಜೋಡಿಯಾಗಿ ಬಿಸಿಲಿಗೆ ತೂಗುಹಾಕಿ ಒಣಗಿಸುವುದು ಅಲ್ಲಿನ ಕೋಳಿ ಎಂಬ ಬೆಸ್ತ ಜನಾಂಗದವರ ಹಳೆಯ ವಿದ್ಯೆ. ಕ್ರೈಸ್ತ ಮಠದ ನೆಲಮಾಳಿಗೆಯಲ್ಲಿ ನಡೆದದ್ದು ಉಪ್ಪು, ಕಾಲ, ತಾಳ್ಮೆಗಳ ಕೆಲಸವಾದರೆ ಇದೂ ಅದೇ. ಆದರೂ ಎಪ್ವಾಸಿನ ನಾತವನ್ನು ಸಂಸ್ಕಾರವೆಂದು ಹೊಗಳಿ ದುಬಾರಿ ಬೆಲೆ ತೆರುವವರೇ, ಒಣಮೀನಿನ ವಾಸನೆಯನ್ನು ಮುಂದೊಡ್ಡಿ ಬಾಡಿಗೆಗೆ ಮನೆ ನಿರಾಕರಿಸುವುದನ್ನು ಈ ನಗರದಲ್ಲಿ ಕಾಣದವರಾರು? ಯೂರೋಪಾದರೂ ಮೇಲಲ್ಲ. ತೊಂಬತ್ತರ ದಶಕದಲ್ಲಿ ಅದು ಬೊಂಬಿಲ್ ಆಮದನ್ನು ಕೆಲಕಾಲ ನಿಷೇಧಿಸಿತ್ತು; ರೋಗ ತಂದಿತೆಂಬ ಸಾಕ್ಷ್ಯದಿಂದಲ್ಲ, ಅನುಮೋದಿತ ಕಾರ್ಖಾನೆಯಲ್ಲಿ ತಯಾರಾಗಲಿಲ್ಲವೆಂಬ ಕಾರಣದಿಂದ.

ನೆರೆಯವನ ಮೂಗಿಗೂ ಹಕ್ಕಿದೆ, ಒಪ್ಪತಕ್ಕ ಮಾತೇ. ಒಣಮೀನು ಹುರಿಯುವಾಗ ಬಾಗಿಲು ಮುಚ್ಚಿ ಕಿಟಕಿ ತೆರೆಯಿರೆಂದು ಕೇಳುವುದು ನ್ಯಾಯ; ಹುರಿಯುವವರಿಗೆ ಮನೆಯೇ ಇಲ್ಲವೆನ್ನುವುದು ಅನ್ಯಾಯ. ನಮ್ಮ ಹೌಸಿಂಗ್ ಸೊಸೈಟಿಗಳ ಪದಾಧಿಕಾರಿಗಳು ಮುಂದಿನ ಸಭೆಯಲ್ಲಿ, ಬರೆದಿರುವುದಾಗಲಿ ಬರೆಯದೆ ನಡೆಸುತ್ತಿರುವುದಾಗಲಿ, ಅಂಥ ನಿಬಂಧನೆಯನ್ನು ಕೈಬಿಡುವುದಾಗಿ ಠರಾವು ಮಾಡಬೇಕೆಂದು ಕೋರುತ್ತೇನೆ.