ಕರಡಿಗಿಂತ ಮೊದಲು ಕಾಗದಕ್ಕೆ ಹೊಡೀರಿ

ಕಳೆದ ದಸರಾಕ್ಕೆ ಟೆಕ್ಸಾಸ್‌ನಲ್ಲಿರೋ ಗೆಳೆಯನೊಬ್ಬ ಒಂದು ಫೋಟೋ ಕಳಿಸಿದ. ದೇವರ ಮನೆ ಮುಂದೆ ಹೊಸ ಕೋವಿ. ಲೀವರ್ ಆ್ಯಕ್ಷನ್, ಅಂದ್ರೆ ಕೌಬಾಯ್ ಸಿನಿಮಾಗಳಲ್ಲಿ ಕೆಳಗಿನ ಬಳೆ ಎಳೆದು ಚಟಾರಂತ ತೋಟಾ ಏರಿಸ್ತಾರಲ್ಲ, ಅದೇ ಜಾತಿ. ಗಿಡ್ಡ ನಳಿಗೆ, 18.5 ಇಂಚು. ಕುದುರೆಗೆ ಕುಂಕುಮ, ಹಿಡಿಗೆ ಅರಿಶಿನ, ನಳಿಗೆಗೆ ಸೇವಂತಿಗೆ ಮಾಲೆ. ಕೆಳಗೆ ಒಂದು ಸಾಲು: "ಜೂನ್‌ನಲ್ಲಿ ಅಲಾಸ್ಕಾಕ್ಕೆ ಬರ್ತಿದೀವಿ, ಕರಡಿಗೆ ಹೇಳಿಡು."

ನಾನು ಆ್ಯಂಕರೇಜ್‌ನಲ್ಲಿರೋದು. ಇಲ್ಲಿ ಕರಡಿಗೆ ಯಾರೂ ಹೇಳಿಡಬೇಕಾಗಿಲ್ಲ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಗುರಿ ಕೂಡಿಸಿದ್ದೀಯೇನೋ?"

"ಅದ್ಯಾಕೋ? ಕರಡಿ ಹತ್ತಿರ ಬಂದಾಗ ತಾನೇ ಹೊಡೆಯೋದು? ಅಷ್ಟು ಹತ್ತಿರದಲ್ಲಿ ಗುರಿ ಯಾಕೆ?"

ಈ ಮಾತನ್ನ ನಾನು ಅವನೊಬ್ಬನಿಂದ ಕೇಳಿದ್ದಲ್ಲ. ಇಲ್ಲಿನ ಬಿಳಿಯರಿಂದ ಕೇಳಿದ್ದೇನೆ, ನಮ್ಮವರಿಂದ ಕೇಳಿದ್ದೇನೆ, ಕೋವಿ ಅಂಗಡಿಯ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯೋ ಪಂಡಿತರಿಂದಂತೂ ನೂರು ಸಲ ಕೇಳಿದ್ದೇನೆ. ಬೆಂಗಳೂರಲ್ಲಿ ಮೂವತ್ತು ನಲವತ್ತರ ಸೈಟು ಕೊಳ್ಳೋವಾಗ ನಾಲ್ಕು ಮೂಲೆಗೂ ಹಗ್ಗ ಹಿಡಿದು, ಒಂದು ಗೇಣು ಆಚೀಚೆ ಆದ್ರೆ ತಹಸೀಲ್ದಾರರ ತನಕ ಹೋಗೋ ಜನ, ಪ್ರಾಣ ಉಳಿಸಲಿ ಅಂತ ಕೊಂಡ ಕೋವಿಯ ಸೈಟು ಎಲ್ಲಿದೆ ಅಂತ ಒಂದು ಸಲವೂ ಅಳೆಯಲ್ಲ. ಈ ಬರಹ ಅವರ ಮೇಲಿನ ಸಿಟ್ಟಿನಲ್ಲಿ ಬರೆದದ್ದು. ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇದೆ, ಅದನ್ನೂ ಹೇಳ್ತೀನಿ.

ಎರಡು ಬೇಸಿಗೆ ನಾನೂ ಹಾಗೇ ತಿರುಗಿದ್ದೆ. ಕೀನೈ ಕಡೆಯ ರಷ್ಯನ್ ರಿವರ್‌ಗೆ ಸಾಲ್ಮನ್ ಮೀನು ಹತ್ತೋ ಕಾಲಕ್ಕೆ ಮನುಷ್ಯರೂ ಬರ್ತಾರೆ, ಕಂದು ಕರಡಿಗಳೂ ಬರ್ತವೆ. ಹೆಂಡತಿ, ಮಗಳ ಜೊತೆ ನಾನೂ ಹೋಗ್ತಿದ್ದೆ, ಹೆಗಲಿಗೆ ಇಂಥದ್ದೇ ಗಿಡ್ಡ ಕೋವಿ. ಮಾರಿದ ಅಂಗಡಿಯವನು "ಸೈಟ್ ಮಾಡಿಯೇ ಇದೆ, ಯೋಚನೆ ಬೇಡ" ಅಂದಿದ್ದ. ನಾನು ಯೋಚನೆ ಮಾಡಲಿಲ್ಲ. ಮೂರನೇ ವರ್ಷ ಯಾಕೋ ಅನುಮಾನ ಬಂದು ರೇಂಜಿಗೆ ಹೋಗಿ, 50 ಗಜದಲ್ಲಿ ಕಾಗದ ಕಟ್ಟಿ, ಮರಳು ಚೀಲದ ಮೇಲೆ ಕೋವಿ ಇಟ್ಟು, ನಾನು ಕಾಡಿಗೆ ಒಯ್ಯೋ ಭಾರದ ತೋಟಾಗಳನ್ನೇ ಹಾಕಿ ಮೂರು ಈಡು ಹೊಡೆದೆ. ಮೂರೂ ಒಂದೇ ಕಡೆ ಬಿದ್ದಿದ್ದವು. ಎಲ್ಲಿ? ಬೊಟ್ಟಿಗಿಂತ ಏಳಿಂಚು ಮೇಲೆ, ನಾಲ್ಕಿಂಚು ಎಡಕ್ಕೆ. ಎರಡು ಬೇಸಿಗೆ ಮಗಳನ್ನ ನಾನು ಆ ಕೋವಿಯ ನಂಬಿಕೆಯ ಮೇಲೆ ಹೊಳೆ ದಂಡೆಯಲ್ಲಿ ನಡೆಸಿದ್ದೆ. ಅವತ್ತು ಸಂಜೆ ಮನೇಲಿ ಈ ವಿಷಯ ಹೇಳೋ ಧೈರ್ಯ ಬರಲಿಲ್ಲ. ಆಮೇಲೆ ಹೇಳಿದೆ. ಬೈಸಿಕೊಂಡೆ.

ಈಗ ಹತ್ತಿರದ ಪಂಡಿತರಿಗೆ ಉತ್ತರ. ಹತ್ತು ಗಜದಲ್ಲಿ ಈ ತಪ್ಪು ಇಂಚಿನ ಲೆಕ್ಕಕ್ಕೆ ಇಳಿಯುತ್ತೆ ಅನ್ನೋದು ನಿಜ, ಒಪ್ಪಿಕೊಳ್ತೀನಿ. ಆದ್ರೆ ಹತ್ತು ಗಜದವರೆಗೂ ಕಾಯ್ತೀರಾ? ಕಂದು ಕರಡಿ ನುಗ್ಗಿದ್ರೆ ಗಂಟೆಗೆ 35 ಮೈಲಿ ವೇಗ. ಸೆಕೆಂಡಿಗೆ ಹೆಚ್ಚು ಕಮ್ಮಿ ಹದಿನೈದು ಮೀಟರ್. 25 ಗಜ ದಾಟೋಕೆ ಒಂದೂವರೆ ಸೆಕೆಂಡು. ಮೊದಲ ಈಡು ಆ 25ರ ಆಸುಪಾಸಿನಲ್ಲೇ ಹೋಗಬೇಕು, ಯಾಕಂದ್ರೆ ಎರಡನೆಯದಕ್ಕೆ ಸಮಯ ಸಿಗುತ್ತೋ ಇಲ್ಲವೋ. ನನ್ನ ಕೋವಿ 25 ಗಜದಲ್ಲಿ ಮೂರಿಂಚು ಮೇಲೆ, ಎರಡಿಂಚು ಎಡಕ್ಕೆ ಹೊಡೀತಿತ್ತು. ನುಗ್ಗೋ ಕರಡಿ ತಲೆ ತಗ್ಗಿಸಿಕೊಂಡು ಬರುತ್ತೆ. ಆ ತಲೆ ಮೇಲಕ್ಕೂ ಕೆಳಕ್ಕೂ ಕುಣೀತಿರುತ್ತೆ. ಗುಂಡು ಮೂರಿಂಚು ಮೇಲೆ ಹೋದ್ರೆ ಅದು ಸಿಗೋದು ಭುಜದ ಮೇಲಿನ ಗೂನಿಗೆ, ಬರೀ ಮಾಂಸಖಂಡ. ಕರಡಿ ನಿಲ್ಲಲ್ಲ. ಬದುಕುಳಿದ್ರೆ ಗಾಯ ಹೊತ್ತುಕೊಂಡು ಪೊದೆ ಸೇರುತ್ತೆ. ನಾಳೆ ಅದೇ ದಾರೀಲಿ ಬರೋ, ಏನೂ ಅರಿಯದ ಇನ್ಯಾವನಿಗೋ ಅದರ ಸಿಟ್ಟು. ಕೈ ನಡುಗೋದು, ಎದೆ ಬಡಿಯೋದು, ಕಾಲು ಜಾರೋದು, ಇವೆಲ್ಲ ಆ ಹೊತ್ತಿಗೆ ತಾವಾಗೇ ಸೇರಿಕೊಳ್ತವೆ. ಅದರ ಮೇಲೆ ಕೋವಿಯ ತಪ್ಪನ್ನೂ ಮುಂಗಡವಾಗಿ ಕಟ್ಟಿಕೊಂಡು ಹೋಗೋದು ಯಾವ ಜಾಣತನ?

ಇನ್ನೊಂದು ವಿಷಯ ಯಾರೂ ಹೇಳಲ್ಲ. ಕೋವಿ ಗಿಡ್ಡವಾದಷ್ಟೂ ಸೈಟಿನ ತಪ್ಪು ದೊಡ್ಡದಾಗುತ್ತೆ. ಹಿಂದಿನ ಸೈಟಿಗೂ ಮುಂದಿನ ಮಣಿಗೂ ನಡುವೆ 15 ಇಂಚು ಅಂತರ ಅಂತ ಇಟ್ಟುಕೊಳ್ಳಿ. 50 ಗಜ ಅಂದ್ರೆ 1800 ಇಂಚು, ಆ ಅಂತರದ 120 ಪಟ್ಟು. ಸೈಟು ಕೂದಲೆಳೆಯಷ್ಟು ಸರಿದ್ರೆ ಅಲ್ಲಿ 120 ಕೂದಲೆಳೆ ಸರಿದ ಹಾಗೆ. ನನ್ನ ಆ ಏಳಿಂಚಿನ ತಪ್ಪು ಕೋವಿಯ ಮೇಲೆ ಎಷ್ಟಿತ್ತು ಗೊತ್ತಾ? ಒಂದೂವರೆ ಮಿಲಿಮೀಟರ್. ಒಂದು ಸಣ್ಣಕ್ಕಿ ಕಾಳಿನ ದಪ್ಪ. ಅಂಗಡಿಯಲ್ಲಿ ಕಣ್ಣಳತೆಯಲ್ಲಿ ನೋಡಿ "ಸರಿಯಾಗಿದೆ" ಅನ್ನೋರಿಗೆ ಅಕ್ಕಿ ಕಾಳಿನ ದಪ್ಪ ಕಾಣೋದಿಲ್ಲ.

ಹಾಗಂತ ಇದು ಬ್ರಹ್ಮವಿದ್ಯೆಯೂ ಅಲ್ಲ. ಇಂಥ ಕೋವಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸೈಟು ನಳಿಗೆಯ ಮೇಲೆ ಅಡ್ಡಲಾಗಿ ಕೊರೆದ ಕಚ್ಚಿನಲ್ಲಿ ಬಿಗಿಯಾಗಿ ಕೂತಿರುತ್ತೆ. ಅದರಡಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಒಂದು ಪುಟ್ಟ ಲೋಹದ ಪಟ್ಟಿ. ಪಟ್ಟಿಯನ್ನ ಹಿಂದೆ ಮುಂದೆ ಜರುಗಿಸಿದ್ರೆ ಸೈಟು ಏರುತ್ತೆ, ಇಳಿಯುತ್ತೆ. ಎಡ ಬಲಕ್ಕೆ ಸರಿಸಬೇಕಾದ್ರೆ ಹಿತ್ತಾಳೆಯ ಪಂಚು ಇಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಬೇಕು. ಹಿತ್ತಾಳೆಯೇ ಯಾಕೆ ಅಂದ್ರೆ, ಕಬ್ಬಿಣದ್ದಾದ್ರೆ ಸೈಟಿನ ಮೈ ಕಿತ್ತು ಹೋಗುತ್ತೆ. ಸ್ಕ್ರೂಡ್ರೈವರ್ ಇಟ್ಟು ಬಡಿದು ಕೆಡಿಸಿದ ಕೋವಿಗಳನ್ನ ನೋಡಿದ್ದೇನೆ. ನೆನಪಿಡಬೇಕಾದ ಸೂತ್ರ ಒಂದೇ: ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನ ಆ ಕಡೆಗೆ ಸರಿಸಿ. ಎಡಕ್ಕೆ ಬೀಳ್ತಿದ್ರೆ ಬಲಕ್ಕೆ ತಟ್ಟಿ, ಮೇಲೆ ಬೀಳ್ತಿದ್ರೆ ಇಳಿಸಿ. ಮುಂದಿನದು ಇದಕ್ಕೆ ಪೂರ್ತಿ ಉಲ್ಟಾ. ಹಿಂದಿನದನ್ನ ಪೂರ್ತಿ ಇಳಿಸಿದ ಮೇಲೂ ಗುಂಡು ಮೇಲೆಯೇ ಹೋಗ್ತಿದ್ರೆ ಮುಂದಿನ ಮಣಿಯನ್ನ ಬದಲಿಸಿ ಎತ್ತರದ್ದು ಹಾಕಿಸಬೇಕು. ಅರ ಹಿಡಿದು ಮಣಿ ಉಜ್ಜೋಕೆ ಹೊರಡಬೇಡಿ, ಉಜ್ಜಿದ್ರೆ ಗುಂಡು ಇನ್ನೂ ಮೇಲೆ ಹೋಗುತ್ತೆ!

ಮೊದಲು 25 ಗಜದಲ್ಲಿ ಶುರು ಮಾಡಿ. ಮೂರು ಈಡು, ಆಮೇಲೆ ತಟ್ಟೋದು, ಮತ್ತೆ ಮೂರು. ಒಂದೇ ಒಂದು ಈಡು ಹೊಡೆದು ಸೈಟು ಮುಟ್ಟಬೇಡಿ, ಅದು ಸೈಟಿನ ತಪ್ಪೋ ನಿಮ್ಮದೋ ಗೊತ್ತಾಗಲ್ಲ. ಎಡ ಬಲ ಮೊದಲು, ಏರಿಳಿತ ಆಮೇಲೆ. ನಂತರ 50ಕ್ಕೆ ಹೋಗಿ ಅಲ್ಲಿ ಕೂಡಿಸಿ. 50ರಲ್ಲಿ ಕೂಡಿದ ಕೋವಿ 25ರಲ್ಲೂ ಹತ್ತರಲ್ಲೂ ಇಂಚಿನೊಳಗೇ ಇರುತ್ತೆ. ಆಮೇಲೆ ನಳಿಗೆಗೂ ಸೈಟಿಗೂ ಸೇರಿಸಿ ಒಂದು ಸಣ್ಣ ಬಣ್ಣದ ಗೆರೆ ಎಳೆಯಿರಿ. ಈ ಕೋವಿಗಳು ಕತ್ತೆಯ ಹಾಗೆ ಒದೀತವೆ, ಒದೆತಕ್ಕೆ ಸೈಟು ಸರಿದ್ರೆ ಗೆರೆ ಮುರಿದದ್ದು ಕಾಣುತ್ತೆ.

ಮತ್ತೆ ತೋಟಾ. ದಮ್ಮಯ್ಯ, ಹಗುರ ತೋಟಾದಲ್ಲಿ ಗುರಿ ಕೂಡಿಸಿ, ಭಾರದ್ದನ್ನ ಹಾಕ್ಕೊಂಡು ಕಾಡಿಗೆ ಹೋಗಬೇಡಿ. ಅಗ್ಗ ಅಂತ, ಹೆಗಲು ನೋಯಲ್ಲ ಅಂತ 300 ಗ್ರೇನಿನ ಗುಂಡಲ್ಲಿ ಕೂಡಿಸ್ತಾರೆ. ಕರಡಿಗೆ ಅಂತ 400ಕ್ಕೂ ಮೇಲಿನದ್ದು ತುಂಬ್ಕೊಳ್ತಾರೆ. ಎರಡೂ ಒಂದೇ ಜಾಗಕ್ಕೆ ಹೋಗ್ತವೆ ಅಂತ ಯಾರು ಹೇಳಿದ್ರು? ಭಾರದ ಗುಂಡು ನಳಿಗೆಯಿಂದ ಹೊರಬರೋದರೊಳಗೆ ಒದೆತಕ್ಕೆ ನಳಿಗೆ ಎದ್ದಿರುತ್ತೆ. ನನ್ನ ಏಳಿಂಚಿನಲ್ಲಿ ಇದರ ಪಾಲೂ ಇತ್ತು.

ಚಾಳೀಸು ಬಂದವರಿಗೆ ಒಂದು ಮಾತು, ನನ್ನ ವಾರಿಗೆಯವರೆಲ್ಲ ಅದೇ ಗುಂಪು. ನಳಿಗೆಯ ಮೇಲಿರೋ ಹಿಂದಿನ ಸೈಟು ನಮ್ಮ ಕಣ್ಣಿಗೆ ಮಂಜು. ಅದರ ಬದಲು ಕಣ್ಣಿಗೆ ಹತ್ತಿರ ಕೂರೋ, ದೊಡ್ಡ ತೂತಿನ ಪೀಪ್ ಸೈಟು ಹಾಕಿಸಿ. ತೂತಿನ ಒಳಗಿಂದ ನೋಡಿ, ತೂತನ್ನ ನೋಡಬೇಡಿ. ಕಣ್ಣು ತಾನಾಗೇ ಮಣಿಯನ್ನ ನಡುವಿಗೆ ತಂದುಕೊಳ್ಳುತ್ತೆ. ಎರಡು ಸೈಟಿನ ನಡುವಿನ ಅಂತರವೂ ಹೆಚ್ಚಾಗುತ್ತೆ, ಅಕ್ಕಿ ಕಾಳಿನ ಲೆಕ್ಕ ಸ್ವಲ್ಪ ಸಡಿಲವಾಗುತ್ತೆ.

ಇಷ್ಟು ಹೇಳಿದ್ರೆ ಕಟ್ಟೆಯ ಪಂಡಿತರು ವಿಷಯವನ್ನ ತೋಟಾದ ದಪ್ಪಕ್ಕೆ ತಿರುಗಿಸ್ತಾರೆ. .45-70 ದೊಡ್ಡದು ನಿಜ, 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದದ್ದು, ಇವತ್ತಿಗೂ ಅಂಜಿಕೆ ಹುಟ್ಟಿಸೋ ತೋಟಾ. ಆದ್ರೆ 2016ರಲ್ಲಿ ಇದೇ ಅಲಾಸ್ಕಾದಲ್ಲಿ, ಮೀನು ಹಿಡಿಯೋರನ್ನ ಕರೆದೊಯ್ತಿದ್ದ ಒಬ್ಬ ಹಳೇ ಗೈಡು ನುಗ್ಗಿ ಬಂದ ಕಂದು ಕರಡಿಯನ್ನ 9 ಎಂ.ಎಂ. ಪಿಸ್ತೂಲಿನಲ್ಲಿ ಕೆಡವಿದ. ಎಲ್ಲರೂ ಪಿಸ್ತೂಲು ತಗೊಳ್ಳಿ ಅಂತಲ್ಲ ನಾನು ಹೇಳ್ತಿರೋದು. ಅವನಿಗೆ ತನ್ನ ಕೈಲಿರೋದು ಎಲ್ಲಿ ಹೊಡೆಯುತ್ತೆ ಅಂತ ಗೊತ್ತಿತ್ತು.

ಕೋವಿಯೇ ಬೇಡ, ಕರಡಿ ಸ್ಪ್ರೇ ಸಾಕು ಅನ್ನೋರ ಜೊತೆ ನನಗೆ ಜಗಳ ಇಲ್ಲ. ನನ್ನ ಸೊಂಟದಲ್ಲಿ ಯಾವಾಗಲೂ ಸ್ಪ್ರೇ ಇದೆ, ಕೈ ಮೊದಲು ಹೋಗೋದೂ ಅದಕ್ಕೇ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತವರ ಜೊತೆಗಾರರು 2008ರಲ್ಲಿ ಅಲಾಸ್ಕಾದ ಸ್ಪ್ರೇ ಘಟನೆಗಳ ಲೆಕ್ಕ ಹಾಕಿದಾಗ, ಕಂದು ಕರಡಿಯ ಉಪಟಳ ಶೇಕಡಾ 92 ಸಲ ಸ್ಪ್ರೇಯಿಂದ ನಿಂತಿತ್ತು. 2012ರಲ್ಲಿ ಕೋವಿಯ 269 ಘಟನೆ ನೋಡಿದ್ರು. ಕೋವಿ ಇದ್ದೂ ಹೊಡೆಯದವರಿಗೂ ಹೊಡೆದವರಿಗೂ ಗಾಯದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಕೋವಿ ಪ್ರಿಯರು ಇದನ್ನ ಕೇಳಿದ್ರೆ ಉರಿದು ಬೀಳ್ತಾರೆ. ಉರಿಯೋದು ಬಿಟ್ಟು, ತಮ್ಮ ಕೋವಿ ಎಲ್ಲಿ ಹೊಡೆಯುತ್ತೆ ಅಂತ ಒಮ್ಮೆ ನೋಡಲಿ.

ಹೊಡೆದ ಮೇಲೂ ಮುಗಿಯಲ್ಲ. ಇಲ್ಲಿ ಪ್ರಾಣರಕ್ಷಣೆಗೆ ಕರಡಿ ಕೊಂದ್ರೆ ನೀವೇ ಚರ್ಮ ಸುಲಿದು, ಉಗುರು ಸಮೇತ, ತಲೆಬುರುಡೆ ಸಮೇತ ರಾಜ್ಯ ಸರ್ಕಾರಕ್ಕೆ ಒಪ್ಪಿಸಬೇಕು, 15 ದಿನದೊಳಗೆ ವರದಿ ಬರೆದುಕೊಡಬೇಕು. ಎಚ್-1ಬಿ ವೀಸಾದಲ್ಲಿರೋ ತಮ್ಮಂದಿರೇ, ನಿಮಗೆ ಬೇರೆಯೇ ಮಾತು: ಹಂಟಿಂಗ್ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ನಿಮ್ಮ ಕೈಲಿ ಕೋವಿ ಇರೋದೇ ಫೆಡರಲ್ ಅಪರಾಧ. ಗೆಳೆಯನ ಕೋವಿ "ಸುಮ್ಮನೆ ಹಿಡ್ಕೊಂಡಿದ್ದೆ" ಅಂದ್ರೆ ನಡೆಯಲ್ಲ. ಸ್ಪ್ರೇ ತಗೊಳ್ಳಿ.

ಪೂಜೆಯ ಬಗ್ಗೆ ನನಗೇನೂ ತಕರಾರಿಲ್ಲ. ನನ್ನ ಹೆಂಡತಿಯ ತೌರು ವಿರಾಜಪೇಟೆ ಕಡೆ. ಕೈಲ್ ಮುಹೂರ್ತಕ್ಕೆ ಅಲ್ಲಿ ಕೋವಿಯನ್ನ ದೇವರ ಮುಂದಿಟ್ಟು ತೋಕ್ ಪೂ ಸಿಕ್ಕಿಸ್ತಾರೆ. ತೋಕ್ ಅಂದ್ರೆ ಕೋವಿ, ಆ ಹೂವಿನ ಹೆಸರೇ ಕೋವಿ ಹೂ. ಆದ್ರೆ ಪೂಜೆ ಆದ ಮೇಲೆ ಏನು ಮಾಡ್ತಾರೆ ನೋಡಿ. ಮೈದಾನಕ್ಕೆ ಹೋಗಿ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೀತಾರೆ. ಕಾಯಿ ಒಡೀಲಿಲ್ಲ ಅಂದ್ರೆ ಊರೇ ನಗುತ್ತೆ. ನಮ್ಮ ಆಯುಧಪೂಜೆ ಮಾತ್ರ ಕುಂಬಳಕಾಯಿಯನ್ನ ನೆಲಕ್ಕೆ ಅಪ್ಪಳಿಸಿ ಮುಗಿದು ಹೋಗುತ್ತೆ.

ಜೂನ್‌ನಲ್ಲಿ ಗೆಳೆಯ ಬಂದ. ಏರ್‌ಪೋರ್ಟಿಂದ ಅವನನ್ನ ಮನೆಗೂ ಕರಕೊಂಡು ಹೋಗದೆ ಸೀದಾ ರೇಂಜಿಗೆ ಒಯ್ದೆ. ಹೆಂಡತಿ ಮಕ್ಕಳು ಕಾರಲ್ಲೇ ಗೊಣಗ್ತಾ ಕೂತರು. 25 ಗಜದಲ್ಲಿ ಮೂರು ಈಡು. ಮೂರೂ ಒಂದು ಇಡ್ಲಿಯಗಲದಲ್ಲಿ ಬಿದ್ದಿದ್ದವು, ಕೈ ಅಷ್ಟು ಚೆನ್ನಾಗಿದೆ ಅವನದು. ಆ ಇಡ್ಲಿ ಮಾತ್ರ ಬೊಟ್ಟಿಗಿಂತ ಐದಿಂಚು ಬಲಕ್ಕೆ. ಕಾಗದ ಬಿಚ್ಚಿ ಕೈಲಿ ಹಿಡಿದುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡು ಮಿಲಿಮೀಟರ್ ಇರಬಹುದೇನೋ ಅಲ್ವಾ?" ಅಂದ. ಇಂಜಿನಿಯರು, ಲೆಕ್ಕ ಬೇಗ ಹಾಕ್ತಾನೆ. ಕತ್ತಲಾಗದ ಊರಲ್ಲವಾ, ರಾತ್ರಿ ಎಂಟರ ತನಕ ಇಪ್ಪತ್ತು ತೋಟಾ ಮುಗಿಸಿದೆವು. ಹೆಗಲು ನೀಲಿಗಟ್ಟಿತ್ತು. ಕೊನೆಯ ಮೂರು 50 ಗಜದಲ್ಲಿ ಬೊಟ್ಟಿನ ಮೇಲೆಯೇ ಕೂತವು.

ಗೆರೆ ಎಳೆಯೋಕೆ ಬಣ್ಣ ತಂದಿರಲಿಲ್ಲ. ಅವನ ಹೆಂಡತಿ ಕಾರಿನಿಂದ ನೇಲ್ ಪಾಲಿಶ್ ಕೊಟ್ಟಳು. ಕುದುರೆಯ ಸಂದಿಯಲ್ಲಿ ದಸರಾದ ಕುಂಕುಮ ಇನ್ನೂ ಅಂಟಿಕೊಂಡಿತ್ತು, ಒರೆಸೋಕೆ ಅವಳು ಬಿಡಲಿಲ್ಲ.