ಹೊಟ್ಟೆಗೆ ಹಿಟ್ಟಿಲ್ಲ, ಡಬ್ಬಿಗೆ ದುಡ್ಡು

ತೂಕ ಇಳಿಯುತ್ತದೆಂದು ನಂಬಿಸಿ ಪ್ರೊಬಯಾಟಿಕ್ (ಜೀವಂತ ಸೂಕ್ಷ್ಮಾಣುಗಳ) ಮಾತ್ರೆ, ಪುಡಿ ಮಾರುವುದು ವಂಚನೆ. ಇದಕ್ಕಿಂತ ಮೆತ್ತನೆಯ ಪದ ನಮಗೆ ಸಿಗುತ್ತಿಲ್ಲ. ಬೆಂಗಳೂರಿನ ಮಾಲುಗಳಲ್ಲಿ ಹುಟ್ಟಿದ ಈ ಚಾಳಿ ಮೈಸೂರು, ನಂಜನಗೂಡು ದಾಟಿ ಚಾಮರಾಜನಗರ, ಗುಂಡ್ಲುಪೇಟೆಗಳ ಔಷಧಿ ಅಂಗಡಿಗಳಿಗೂ ಬಂದು ಕೂತಿದೆ. ಬೆನ್ನಿಗೇ 'ನ್ಯೂಟ್ರಿಷನ್ ಸೆಂಟರ್' ಎಂಬ ಬೋರ್ಡಿನ ಬಾಡಿಗೆ ಕೋಣೆಗಳೂ ಬಂದಿವೆ.

ಅಂಗಡಿಯ ಗಾಜಿನ ಮೇಜಿನ ಮೇಲಿರುವ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ನೋಡಿ. ಮುಂಭಾಗದಲ್ಲಿ ಚಪ್ಪಟೆ ಹೊಟ್ಟೆಯ ಹೆಂಗಸು, ಸೊಂಟದ ಸುತ್ತ ಅಳತೆ ಟೇಪು. ಡಬ್ಬಿ ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರಗಳು, ಅವುಗಳ ನಡುವೆ ಒಂದು ಸಾಲು: 'ನಾಟ್ ಫಾರ್ ಮೆಡಿಸಿನಲ್ ಯೂಸ್'. ಅಂದರೆ ಇದು ಔಷಧಿಯಲ್ಲ ಎಂದು ತಯಾರಿಸಿದವರೇ ಬರೆದುಕೊಟ್ಟಿದ್ದಾರೆ. ಆದರೆ ಅಂಗಡಿಯವನ ಬಾಯಲ್ಲಿ ಬರುವ ಮಾತು ಬೇರೆ: "ಮೂರ್ ತಿಂಗ್ಳು ನುಂಗಿ ಕನಕ್ಕ, ಹೊಟ್ಟೆ ಕರಗೋಯ್ತದೆ." ಚೆಂಡುಹೂ ಬಿಡಿಸಿ ದಿನಗೂಲಿ ಎಣಿಸುವ ಮನೆಯಿಂದಲೂ ಈ ಡಬ್ಬಿಗೆ ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸು ಹೋಗುತ್ತಿದೆ. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಹೂವು ಬೆಳೆಯುವ ಗುಂಡ್ಲುಪೇಟೆ ತಾಲೂಕಿನಲ್ಲೇ ಹೀಗೆ ಹೊಸ ವೇಷ ತೊಟ್ಟಿದೆ.

ಮಾರುವವರು ವಿಜ್ಞಾನದ ಹೆಸರು ಹೇಳುತ್ತಾರೆ. ಆ ವಿಜ್ಞಾನ ಸುಳ್ಳಲ್ಲ, ಅದನ್ನು ಅರ್ಧಕ್ಕೆ ನಿಲ್ಲಿಸಿರುವುದು ಸುಳ್ಳು. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಗಾರ್ಡನ್ ಅವರ ತಂಡ ಕರುಳಿನಲ್ಲಿ ಒಂದೂ ಸೂಕ್ಷ್ಮಾಣು ಇಲ್ಲದಂತೆ ಇಲಿಗಳನ್ನು ಬೆಳೆಸಿತ್ತು. ಮಾಮೂಲಿ ಇಲಿಗಳು ಈ ಇಲಿಗಳಿಗಿಂತ ಕಡಿಮೆ ತಿಂದರೂ ಮಾಮೂಲಿ ಇಲಿಗಳ ಮೈಯಲ್ಲೇ ಶೇ 42ರಷ್ಟು ಹೆಚ್ಚು ಕೊಬ್ಬಿತ್ತು ಎಂದು ಆ ತಂಡ 2004ರಲ್ಲಿ ತೋರಿಸಿತು. ದಪ್ಪ ಇಲಿಯ ಕರುಳಿನ ಬ್ಯಾಕ್ಟೀರಿಯಾ ಅದೇ ಆಹಾರದಿಂದ ಹೆಚ್ಚು ಶಕ್ತಿ ಹಿಂಡಿ ತೆಗೆಯುತ್ತದೆ ಎಂದು 2006ರಲ್ಲಿ ತಿಳಿಯಿತು. ಜಾಹೀರಾತು ಇಲ್ಲಿಗೆ ಕಥೆ ಮುಗಿಸುತ್ತದೆ. ಅದೇ ತಂಡ 2013ರಲ್ಲಿ ಮಾಡಿದ ಪ್ರಯೋಗದ ಸುದ್ದಿ ಯಾವ ಡಬ್ಬಿಯ ಮೇಲೂ ಇಲ್ಲ. ಅವಳಿಗಳಲ್ಲಿ ಒಬ್ಬರು ದಪ್ಪ, ಇನ್ನೊಬ್ಬರು ಸಣ್ಣ ಇದ್ದ ಜೋಡಿಗಳನ್ನು ಹುಡುಕಿ, ಅವರ ಕರುಳಿನ ಸೂಕ್ಷ್ಮಾಣುಗಳನ್ನು ಇಲಿಗಳಿಗೆ ಸೇರಿಸಿ, ಎರಡೂ ಬಗೆಯ ಇಲಿಗಳನ್ನು ಒಂದೇ ಪಂಜರದಲ್ಲಿ ಬಿಟ್ಟರು. ಸಣ್ಣವರ ಬ್ಯಾಕ್ಟೀರಿಯಾ ದಪ್ಪ ಇಲಿಯ ಕರುಳಿಗೆ ಹೋಗಿ ನೆಲೆಸಿದ್ದು ನಿಜ. ಆದರೆ ಇಲಿಗೆ ಕೊಬ್ಬು ಕಡಿಮೆಯಿರುವ, ಹಣ್ಣು ತರಕಾರಿ ಹೆಚ್ಚಿರುವ ಆಹಾರ ಹಾಕಿದಾಗ ಮಾತ್ರ. ಜಿಡ್ಡಿನ ತಿನಿಸು ಹಾಕಿದಾಗ ಬಂದ ನೆಂಟರು ನಿಲ್ಲಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರ ಅಂದಾಜು. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪ್ರೊಬಯಾಟಿಕ್ ಎನಿಸಿಕೊಳ್ಳಲು ದಿನದ ಒಂದು ಪ್ರಮಾಣದಲ್ಲಿ ಸಾಮಾನ್ಯವಾಗಿ ಕನಿಷ್ಠ ಹತ್ತು ಕೋಟಿ ಜೀವಂತ ಸೂಕ್ಷ್ಮಾಣುಗಳಿರಬೇಕು. ಭಾಗಿಸಿ ನೋಡಿದರೆ ಒಳಗಿರುವ 3 ಲಕ್ಷ 80 ಸಾವಿರಕ್ಕೆ ಹೊರಗಿನಿಂದ ಬಂದದ್ದು ಒಂದು. ಅದೂ ಜಠರದ ಆಮ್ಲ ದಾಟಿ, ಪಿತ್ತರಸ ದಾಟಿ ಬದುಕುಳಿದರೆ. ಡಬ್ಬಿಯ ಮೇಲೆ 'ತಂಪಾದ ಜಾಗದಲ್ಲಿಡಿ' ಎಂದಿದ್ದರೆ, ಫ್ರಿಜ್ ಇಲ್ಲದ ಅಂಗಡಿಯಲ್ಲಿ ಏಪ್ರಿಲ್ ತಿಂಗಳ ಝಳಕ್ಕೆ ಅದರೊಳಗೆ ಏನು ಉಳಿದೀತು ಎಂಬುದನ್ನು ಓದುಗರೇ ಊಹಿಸಲಿ. ನುಂಗುವುದನ್ನು ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಕೆಲವು ದಿನಗಳಲ್ಲೋ ವಾರಗಳಲ್ಲೋ ಇವು ಮಲದೊಂದಿಗೆ ಹೊರಟು ಹೋಗುತ್ತವೆ.

ತೂಕದ ಮೇಲಿನ ಪರಿಣಾಮವನ್ನು ಮನುಷ್ಯರ ಮೇಲೆ ನಡೆದ ಹತ್ತಾರು ಪ್ರಯೋಗಗಳನ್ನು ಕಲೆಹಾಕಿ ನೋಡಿದ್ದಾರೆ. ಸಿಕ್ಕಿದ ಇಳಿಕೆ ಸರಾಸರಿಯಲ್ಲಿ ಒಂದು ಕಿಲೋ ಕೂಡ ಇಲ್ಲ. ತಮಾಷೆಯೆಂದರೆ ಕೋಳಿ ಫಾರಂಗಳಲ್ಲಿ ಮೇವಿಗೆ ಪ್ರೊಬಯಾಟಿಕ್ ಬೆರೆಸುವ ರೂಢಿಯಿದೆ, ಕೋಳಿ ಬೇಗ ತೂಕ ಬರಲಿ ಎಂದು! ಕೋಳಿಗೆ ತೂಕ ಏರಿಸುವ ಪುಡಿ ಕೋಳಿ ತಿನ್ನುವವನಿಗೆ ತೂಕ ಇಳಿಸುವ ಪುಡಿ. ಬ್ಯಾಕ್ಟೀರಿಯಾದ ತಳಿ ಬೇರೆ ಬೇರೆ, ನಿಜ. ಹಾಗಾದರೆ ಯಾವ ತಳಿ, ಎಷ್ಟು ಪ್ರಮಾಣ, ಯಾವ ಕಾಯಿಲೆಗೆ ಎಂದು ಮಾರುವವನು ಹೇಳಬೇಕು. ಹೇಳುವುದಿಲ್ಲ, ಏಕೆಂದರೆ ಅವನಿಗೂ ಗೊತ್ತಿಲ್ಲ.

ಹಾಗೆಂದು ಪ್ರೊಬಯಾಟಿಕ್ ಎಂಬುದೇ ಬೂಟಾಟಿಕೆ ಎಂದು ನಾವು ಹೇಳುತ್ತಿಲ್ಲ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದರ ಆಹಾರವಾದ ಒಂದು ಬಗೆಯ ಸಕ್ಕರೆಯ ಜೊತೆ ಹುಟ್ಟಿದ ಮೊದಲ ದಿನಗಳಲ್ಲಿ ಕೊಟ್ಟಾಗ ರಕ್ತದ ನಂಜು ಮತ್ತು ಸಾವು, ಎರಡೂ ಸೇರಿ, ಶೇ 40ರಷ್ಟು ತಗ್ಗಿದವು. ನಮ್ಮ ದೇಶದ ಬಡವರ ಮನೆಯ ಕೂಸುಗಳ ಮೇಲೆ ನಡೆದ ದೊಡ್ಡ ಕೆಲಸವದು. ಆಂಟಿಬಯಾಟಿಕ್ ಜೊತೆ ಕೊಟ್ಟಾಗ ಮಕ್ಕಳ ಭೇದಿ ಕಡಿಮೆಯಾಗುವುದಕ್ಕೂ ಆಧಾರವಿದೆ. ಇನ್ನೊಂದು ಕಡೆ, ವಾಂತಿಭೇದಿಯಾದ ಮಕ್ಕಳಿಗೆ ಕೊಟ್ಟು ನೋಡಿದ ಅಮೆರಿಕ, ಕೆನಡಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಬಹುಪಾಲು ಜೀರ್ಣಕೋಶದ ಕಾಯಿಲೆಗಳಿಗೆ ಪ್ರೊಬಯಾಟಿಕ್ ಕೊಡುವಷ್ಟು ಪುರಾವೆಯಿಲ್ಲ ಎಂದೇ ಹೇಳಿತು. ಒಂದೊಂದು ಬೀಗಕ್ಕೆ ಒಂದೊಂದು ಕೀಲಿ. ನಮ್ಮ ಅಂಗಡಿಗಳಲ್ಲಿ ಮಾರುತ್ತಿರುವುದು ಎಲ್ಲ ಬೀಗಕ್ಕೂ ಒಂದೇ ಕೀಲಿ.

ಇಲಿಗಳ ಪ್ರಯೋಗದಿಂದ ಹೆಸರಾದ ಗಾರ್ಡನ್ ಆಮೇಲೆ ಏನು ಮಾಡಿದರು? ಢಾಕಾದ ಮೀರ್ಪುರ ಕೊಳೆಗೇರಿಯ ಬಡಕಲು ಮಕ್ಕಳಿಗೆ ಬಾಂಗ್ಲಾದ ತಹಮೀದ್ ಅಹ್ಮದ್ ಮತ್ತಿತರ ವೈದ್ಯರ ಜೊತೆಗೂಡಿ ಒಂದು ತಿನಿಸು ಸಿದ್ಧಪಡಿಸಿದರು. ಅದರಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ. ಇದ್ದದ್ದು ಕಡಲೆ ಹಿಟ್ಟು, ಸೋಯಾ ಹಿಟ್ಟು, ಕಡಲೆಕಾಯಿ, ಬಾಳೆಕಾಯಿ. ಅಲ್ಲಿ ಬಳಕೆಯಲ್ಲಿದ್ದ ಪೂರಕ ಆಹಾರಕ್ಕಿಂತ ಕಡಿಮೆ ಕ್ಯಾಲೊರಿ ಇದ್ದರೂ ಇದನ್ನು ಮೂರು ತಿಂಗಳು ತಿಂದ ಮಕ್ಕಳ ತೂಕ ಹೆಚ್ಚು ಚೆನ್ನಾಗಿ ಏರಿತು ಎಂದು 2021ರಲ್ಲಿ ವರದಿಯಾಯಿತು. ಕರುಳಿನಲ್ಲಿ ಆಗಲೇ ಇರುವ ಒಳ್ಳೆಯ ಸೂಕ್ಷ್ಮಾಣುಗಳಿಗೆ ಊಟ ಹಾಕಿದ್ದರ ಫಲ ಅದು. ಗುಂಡ್ಲುಪೇಟೆಯ ರಸ್ತೆಬದಿ ನಿಂತು ಈ ಪಟ್ಟಿಯನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ನೇಂದ್ರ ಬಾಳೆಗೊನೆ ತುಂಬಿದ ಲಾರಿಗಳು ಕೇರಳ ಗಡಿಯ ಮೂಲೆಹೊಳೆ ಚೆಕ್‌ಪೋಸ್ಟ್ ಕಡೆಗೆ ಹೋಗುತ್ತಿರುತ್ತವೆ, ಎದುರಿನಿಂದ ಬರುವ ಪಾರ್ಸೆಲ್ ವ್ಯಾನಿನಲ್ಲಿ ಡಬ್ಬಿಗಳು ಬರುತ್ತಿರುತ್ತವೆ.

ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದೇ ದಾರಿಯನ್ನು ಅದಕ್ಕೂ ಮೊದಲೇ ಹಿಡಿದಿದ್ದರು. ಕಾಲರಾ ರೋಗಿಗಳ ಉಪ್ಪು-ಸಕ್ಕರೆ ದ್ರಾವಣಕ್ಕೆ ಸಣ್ಣ ಕರುಳಿನಲ್ಲಿ ಕರಗದ ಮುಸುಕಿನ ಜೋಳದ ಪಿಷ್ಟ ಬೆರೆಸಿ ಕುಡಿಸಿದರು. ಅದು ದೊಡ್ಡ ಕರುಳಿಗಿಳಿದು, ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡಿ, ಆ ಆಮ್ಲಗಳ ನೆರವಿನಿಂದ ಕರುಳು ನೀರು, ಉಪ್ಪನ್ನು ಹೀರಿಕೊಂಡಿತು. ಭೇದಿ ಬೇಗ ನಿಂತಿತು. ಇದು 2000ದಷ್ಟು ಹಿಂದೆಯೇ ಅಚ್ಚಾದ ಸಂಗತಿ. ಆರಿದ ತಂಗಳನ್ನದಲ್ಲಿ, ಬಾಳೆಕಾಯಿ ಪಲ್ಯದಲ್ಲಿ ಇರುವುದೂ ಅದೇ ಜಾತಿಯ ಪಿಷ್ಟ.

ಈ ಸೀಮೆಯ ಊಟ ಏನಾಗಿತ್ತು? ಹಿಟ್ಟು (ರಾಗಿಮುದ್ದೆ), ಹುರುಳಿಕಾಳಿನ ಉಪ್ಸಾರು, ಹೊಲದ ಬದುವಿನಲ್ಲಿ ಕಿತ್ತ ಬೆರಕೆಸೊಪ್ಪು, ಮೇಲೊಂದು ಲೋಟ ನೀರುಮಜ್ಜಿಗೆ. ಕರುಳಿನ ಸೂಕ್ಷ್ಮಾಣುಗಳ ಊಟವೆಂದರೆ ನಾರು: ನೂರು ಗ್ರಾಂ ರಾಗಿಯಲ್ಲಿ ಅದು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಿಮೆ. ದಿನಕ್ಕೆ 30 ಗ್ರಾಂ ಆದರೂ ನಾರು ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ಮೂರು ಹೊತ್ತೂ ಬಿಳಿ ಅನ್ನ, ನಡುವೆ ಬಿಸ್ಕತ್ತು, ಸಂಜೆ ಬೋಂಡ ಎಂದಾದ ಮನೆಯಲ್ಲಿ ಈ 30 ಗ್ರಾಂ ಎಲ್ಲಿಂದ ಬರಬೇಕು? ಕರುಳಿನ ಬ್ಯಾಕ್ಟೀರಿಯಾ ಉಪವಾಸ ಬಿದ್ದಿದೆ. ಉಪವಾಸ ಬಿದ್ದ ಮನೆಗೆ ಇನ್ನೂ ನಾಲ್ಕು ಜನ ನೆಂಟರನ್ನು ಕಳಿಸುವುದೇ ಈ ಕ್ಯಾಪ್ಸೂಲು.

ಹಳೆಯದನ್ನು ಹೊಗಳಿ ಕೂರುವ ಚಟ ನಮಗಿಲ್ಲ. ಮಜ್ಜಿಗೆಯೇ ಮದ್ದು ಎನ್ನುವವರೂ ಅಷ್ಟೇ ತಪ್ಪು: ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ಅದು ತೂಕ ಇಳಿಸುವುದಿಲ್ಲ, ಕಾಯಿಲೆ ವಾಸಿ ಮಾಡುವುದಿಲ್ಲ. ಅಜ್ಜ ಎರಡು ಮುದ್ದೆ ನುಂಗುತ್ತಿದ್ದನೆಂದು ಬೈಕಿನ ಮೇಲೆ ಓಡಾಡುವ ಮೊಮ್ಮಗನೂ ಎರಡು ನುಂಗಿದರೆ ಹೊಟ್ಟೆ ಬರುವುದು ಖಾತ್ರಿ. ಅಜ್ಜ ಬೆಳಗಿಂದ ಸಂಜೆಯವರೆಗೆ ನೇಗಿಲು ಹಿಡಿಯುತ್ತಿದ್ದ. ವರ್ಷಗಟ್ಟಲೆ ನಾರು ಕಾಣದ ಕರುಳಿಗೆ ಒಮ್ಮೆಲೇ ಹುರುಳಿ ಸುರಿದರೆ ವಾಯು ತುಂಬಿ ಒದ್ದಾಡಬೇಕಾಗುತ್ತದೆ, ನಿಧಾನಕ್ಕೆ ಹೆಚ್ಚಿಸಬೇಕು. ಇಷ್ಟನ್ನು ಹೇಳಲು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಸಾಕು.

ವೈದ್ಯರೂ ತಮ್ಮ ಪಾಲಿನ ಮಾತು ಕೇಳಿಸಿಕೊಳ್ಳಬೇಕು. ನೆಗಡಿಗೂ ಆಂಟಿಬಯಾಟಿಕ್, ಅದರ ಬೆನ್ನಿಗೆ 'ಹೊಟ್ಟೆಗೆ ಒಳ್ಳೆಯದು' ಎಂದು ಪ್ರೊಬಯಾಟಿಕ್ ಚೀಟಿ. ಮೊದಲನೆಯದನ್ನು ಬರೆಯದಿದ್ದರೆ ಎರಡನೆಯದರ ಮಾತೇ ಏಳುತ್ತಿರಲಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ 2018ರ ಅಧ್ಯಯನದಲ್ಲಿ, ಆಂಟಿಬಯಾಟಿಕ್ ನಂತರ ಏನೂ ತೆಗೆದುಕೊಳ್ಳದವರ ಕರುಳಿನ ಸೂಕ್ಷ್ಮಾಣುಗಳು ಸುಮಾರು ಮೂರು ವಾರದಲ್ಲಿ ಮರಳಿ ಬಂದವು. ಪ್ರೊಬಯಾಟಿಕ್ ನುಂಗಿದವರಲ್ಲಿ ತಿಂಗಳುಗಟ್ಟಲೆ ತಡವಾಯಿತು. ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರುವುದನ್ನು ತಡೆಯಲು ಕೇರಳ 2024ರಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಅಂಗಡಿಗಳ ಮೇಲೆ ದಿಢೀರ್ ತಪಾಸಣೆ ಶುರು ಮಾಡಿತು. ಮೂಲೆಹೊಳೆಯಿಂದಾಚೆ ಆದದ್ದು ಈಚೆ ಏಕೆ ಆಗಬಾರದು?

ಕಾನೂನು ಇಲ್ಲ ಎಂಬ ನೆಪ ನಡೆಯುವುದಿಲ್ಲ. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರಷ್ಟು ಹಳೆಯದು. ಔಷಧಿಯಿಂದ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಅದರ ಪಟ್ಟಿಯಲ್ಲಿ ಬೊಜ್ಜೂ ಇದೆ. ನಮ್ಮದು ಔಷಧಿಯಲ್ಲ, ಆಹಾರ ಎಂದು ಮಾರುವವರು ಜಾರಿಕೊಂಡರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಕಾದಿದೆ. ಅದರ 53ನೇ ಕಲಮಿನಂತೆ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ. ಔಷಧಿ ಎಂದರೆ ಒಂದು ಬಾಗಿಲು ಮುಚ್ಚಿದೆ, ಆಹಾರ ಎಂದರೆ ಇನ್ನೊಂದು. ದಂಡ ವಿಧಿಸುವ ಅಧಿಕಾರ ದೆಹಲಿಯಲ್ಲೂ ಇಲ್ಲ, ವಿಧಾನಸೌಧದಲ್ಲೂ ಇಲ್ಲ, ಅಪರ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿಯ ಮೇಜಿನ ಮೇಲಿದೆ.

ಆದ್ದರಿಂದ ಚಾಮರಾಜನಗರ ಜಿಲ್ಲಾಡಳಿತ ಮೂರು ತಿಂಗಳ ಗಡುವು ಹಾಕಿಕೊಳ್ಳಲಿ. 'ತೂಕ ಇಳಿಕೆ' ಎಂದು ಬೋರ್ಡು ಹಾಕಿದ ಪ್ರತಿ ಕೋಣೆಯ ಆಹಾರ ಪರವಾನಗಿ ಪರಿಶೀಲಿಸಲಿ. ಡಬ್ಬಿಗಳ ಮಾದರಿ ಎತ್ತಿ ಪ್ರಯೋಗಾಲಯಕ್ಕೆ ಕಳಿಸಿ, ಒಳಗೆ ಹೇಳಿದಷ್ಟು ಜೀವಂತ ಬ್ಯಾಕ್ಟೀರಿಯಾ ಇದೆಯೇ ಎಂದು ಎಣಿಸಲಿ, ಬಂದ ಫಲಿತಾಂಶವನ್ನು ತಾಲೂಕು ಕಚೇರಿಯ ಗೋಡೆಗೆ ಅಂಟಿಸಲಿ. ಅಧಿಕಾರಿಗಳು ಏಳುವವರೆಗೆ ಕಾಯಲಾರದ ಗ್ರಾಹಕರಿಗೂ ದಾರಿಯಿದೆ. ಅದೇ ಕಾಯ್ದೆಯ 40ನೇ ಕಲಮಿನಂತೆ ಕೊಂಡ ಯಾವುದೇ ಆಹಾರವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿರಬೇಕು, ರಸೀದಿಯನ್ನೂ ತಪ್ಪದೆ ಕೇಳಿ ಪಡೆದಿರಬೇಕು.